ಒದೆಯ ಲೆಕ್ಕ

ಮಳವಳ್ಳಿ ಹತ್ತಿರದ ನನ್ನ ತವರೂರಿನ ಹಾಲಿನ ಡೈರಿಗೆ ಎಲೆಕ್ಟ್ರಾನಿಕ್ ಯಂತ್ರ ಬಂದಾಗ ನಮ್ಮ ಅತ್ತಿಗೆ ಹೇಳಿದ್ದರು: "ಇನ್ಮೇಲೆ ಯಾರ ಮುಖಾನೂ ನೋಡಂಗಿಲ್ಲ ಕಣವ್ವ, ಯಂತ್ರದ ಮುಖ ನೋಡಿದ್ರೆ ಸಾಕು." ನಿಜವೇ. ಹಾಲು ನೀರಾಗಿದೆ, ಇಲ್ಲ ಎಂಬ ಜಗಳ ತಗ್ಗಿತು. ಆದರೆ ಅಂದಿನಿಂದ ಅತ್ತಿಗೆಯ ಯೋಚನೆಯೆಲ್ಲ ಒಂದೇ: ಹಸುವಿಗೆ ಏನು ಮೇಯಿಸಿದರೆ ಫ್ಯಾಟಿನ ಅಂಕಿ ಏರುತ್ತದೆ?

ಈ ಮಾತು ಮತ್ತೆ ನೆನಪಾದದ್ದು ನನ್ನ ತಂಗಿಯ ಮೊಮ್ಮಗಳು ಟೇಕ್ವಾಂಡೊ ಪಂದ್ಯ ಸೋತು ಬಂದ ದಿನ. ಮದ್ದೂರಿನ ಹುಡುಗಿ, ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಕಲಿಯುತ್ತಾಳೆ. ಸಂಜೆ ಒಬ್ಬಳೇ ಓಡಾಡುವ ಮಗಳಿಗೆ ನಾಲ್ಕು ಏಟು ಕೊಡಲು ಬರಲಿ ಎಂದೇ ಅವಳಮ್ಮ ಸೇರಿಸಿದ್ದು. ಕಲಿಯುವಾಗ ತೊಡುತ್ತಿದ್ದುದು ಸಾದಾ ಎದೆಕವಚ. ದೊಡ್ಡ ಊರಿನ ಪಂದ್ಯದಲ್ಲಿ ಮೊದಲ ಸಲ ಎಲೆಕ್ಟ್ರಾನಿಕ್ ಕವಚ ತೊಟ್ಟಳು. "ಅಜ್ಜಿ, ನಾನು ಒದ್ದಿದ್ದು ಇಡೀ ಹಾಲ್‌ಗೆ ಕೇಳಿಸ್ತು. ನಂಬರೇ ಬರ್ಲಿಲ್ಲ. ಅವಳು ಕಾಲೆತ್ತಿ ಸುಮ್ನೆ ಮುಟ್ಟಿಮುಟ್ಟಿ ಗೆದ್ದುಬಿಟ್ಲು!" ಎಂದು ಅತ್ತಳು. ಅವಳ ಅಳುವಿನ ಹಿಂದೆ ಒಂದು ಚರಿತ್ರೆಯೇ ಇದೆ.

ಕೊರಿಯಾದ ಈ ವಿದ್ಯೆಯ ವಿಶ್ವ ಚಾಂಪಿಯನ್‌ಷಿಪ್ 1973ರಲ್ಲಿ ಸೋಲ್ ನಗರದಲ್ಲಿ ಶುರುವಾಯಿತು. ಹೆಂಗಸರಿಗೆ ಅದರ ಬಾಗಿಲು ತೆರೆದದ್ದು 1987ರಲ್ಲಿ, ಬಾರ್ಸಿಲೋನಾದಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೂರ್ಣ ಪದಕದ ಆಟವಾದಾಗ ಗಂಡಸರಿಗೆ ನಾಲ್ಕು ತೂಕದ ವಿಭಾಗ, ಹೆಂಗಸರಿಗೂ ನಾಲ್ಕು. ಆಗೆಲ್ಲ ಅಂಕ ಕೊಡುತ್ತಿದ್ದುದು ತೀರ್ಪುಗಾರರ ಕಣ್ಣು, ಕಿವಿ. ಏಟಿಗೆ ಎದುರಾಳಿಯ ಮೈ ಅದುರಬೇಕು, ಕವಚ ಧಡ್ ಎನ್ನಬೇಕು. ಹಾಗಾಗಿ ಹಿಂಗಾಲನ್ನು ಬೀಸಿ ಒದೆಯುವವರಿಗೆ ಬೆಲೆ. ಒದ್ದ ಮೇಲೆ ಜೋರಾಗಿ ಕೂಗಿ ತೀರ್ಪುಗಾರರ ಗಮನ ಸೆಳೆಯುವುದೂ ಒಂದು ಜಾಣತನವಾಗಿತ್ತು.

ಆದರೆ ಕಣ್ಣು ತಪ್ಪುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ, ಎರಡು ಸಲ ಚಿನ್ನ ಗೆದ್ದಿದ್ದ ಚೀನಾದ ಚೆನ್ ಜಾಂಗ್ ಮುಖಕ್ಕೆ ಬ್ರಿಟನ್ನಿನ ಸಾರಾ ಸ್ಟೀವನ್ಸನ್ ಕೊನೆಯ ಗಳಿಗೆಯಲ್ಲಿ ಒದ್ದಳು. ತೀರ್ಪುಗಾರರು ಅಂಕ ಕೊಡಲಿಲ್ಲ, ಚೆನ್ ಗೆದ್ದಳೆಂದರು. ಆಮೇಲೆ ದೂರು ಹೋಗಿ, ವಿಡಿಯೊ ನೋಡಿ, ತೀರ್ಪನ್ನೇ ತಿರುಗಿಸಿದರು. ಸಾರಾ ಕಂಚು ಗೆದ್ದಳು. ಅದೇ ಕೂಟದಲ್ಲಿ ಕ್ಯೂಬಾದ ಆಂಜೆಲ್ ಮಾಟೋಸ್ ಸಿಟ್ಟಿಗೆದ್ದು ರೆಫರಿಯ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೆ ಒಳಗಾದ. ಮನುಷ್ಯರ ಲೆಕ್ಕದ ಮೇಲೆ ನಂಬಿಕೆ ಸಡಿಲಾಗಿತ್ತು. 2009ರ ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲೆಕ್ಟ್ರಾನಿಕ್ ಎದೆಕವಚ ಬಳಸಿದರು. 2012ರ ಲಂಡನ್ ಒಲಿಂಪಿಕ್ಸ್‌ಗೂ ಅದು ಬಂತು. 2016ರ ರಿಯೋದಲ್ಲಿ ತಲೆಯ ಕವಚಕ್ಕೂ ಯಂತ್ರ ಕೂತಿತು.

ಕಾಲುಚೀಲದೊಳಗೆ ಕೆಲವು ಕಡೆ ಅಯಸ್ಕಾಂತದ ಚೂರುಗಳಿರುತ್ತವೆ. ಅವು ಕವಚವನ್ನು ಮುಟ್ಟಿ, ಆಯಾ ತೂಕದವರಿಗೆ ಗೊತ್ತುಮಾಡಿದಷ್ಟು ಒತ್ತಡವೂ ಬಿದ್ದರೆ ಅಂಕ ಬರುತ್ತದೆ. ನಮ್ಮ ಹುಡುಗಿಯ ಒದೆ ಬಿದ್ದದ್ದು ಮೊಣಕಾಲ ಕೆಳಗಿನ ಮೂಳೆಯಿಂದ. ಸದ್ದೇನೋ ಬಂತು, ಅಲ್ಲಿ ಅಯಸ್ಕಾಂತ ಎಲ್ಲಿಂದ ಬರಬೇಕು?

ಇಷ್ಟು ಗೊತ್ತಾದ ಮೇಲೆ ಆಟಗಾರರು ಸುಮ್ಮನಿರುತ್ತಾರೆಯೇ? ಮುಂಗಾಲನ್ನೆತ್ತಿ ಗಾಳಿಯಲ್ಲೇ ಹಿಡಿದು, ಕತ್ತಿಯಂತೆ ಚುಚ್ಚತೊಡಗಿದರು. ಉದ್ದ ಕಾಲಿನವರಿಗೆ ಹಬ್ಬ. ಮೈಗೆ ಮೈ ಅಂಟಿಸಿ ನಿಂತು, ಪಾದವನ್ನು ವಿಚಿತ್ರವಾಗಿ ತಿರುಚಿ ಕವಚ ಮುಟ್ಟುವುದಕ್ಕೆ 'ಮಂಕಿ ಕಿಕ್' ಎಂಬ ಹೆಸರೇ ಬಿತ್ತು. ತಿರುಗಿ ಒದೆಯುವ ಸೊಗಸು ಹಿಂದೆ ಸರಿಯಿತು. ನೋಡುವವರು ಬೇಸತ್ತರು. ಆಗ ನಿಯಮ ಮಾಡುವವರು ಯಂತ್ರವನ್ನು ಬಿಡದೆ ಲೆಕ್ಕ ತಿದ್ದಿದರು. ಸುಮ್ಮನೆ ಕಾಲೆತ್ತಿ ತಡೆದರೆ ದಂಡ ಎಂದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಮೈಗೆ ಒದ್ದರೆ 2, ತಲೆಗೆ 3. ತಿರುಗಿ ಒದ್ದರೆ ಮೈಗೆ 4, ತಲೆಗೆ 5. ಅಂಕಿಯ ಆಸೆಗಾದರೂ ಹಳೆಯ ಸೊಗಸು ಮರಳಲಿ ಎಂಬುದು ಲೆಕ್ಕಾಚಾರ.

ನಾನು ಯಂತ್ರವನ್ನು ಹಳಿಯಲಾರೆ. ಪರಿಚಯದವರ ಮಗಳು, ದೊಡ್ಡವರ ಮಗಳು ಎಂಬ ಭೇದ ಅದಕ್ಕಿಲ್ಲ. ಹೇಳಿಸುವವರಿಲ್ಲದ ಮನೆಯ ಹುಡುಗಿಗೆ ಅದು ಸಣ್ಣ ಸಹಾಯವಲ್ಲ. ಆದರೆ ಅವಳಮ್ಮನ ಚಿಂತೆಯೂ ಸುಳ್ಳಲ್ಲ: "ಬಸ್‌ಸ್ಟ್ಯಾಂಡಲ್ಲಿ ಮೈಮೇಲೆ ಬರೋನು ಕವಚ ಹಾಕ್ಕೊಂಡಿರ್ತಾನಾ ದೊಡ್ಡಮ್ಮ? ಮುಟ್ಟಿಬಿಟ್ರೆ ಓಡಿಹೋಗ್ತಾನಾ?"

ಹುಡುಗಿ ತಾನೇ ದಾರಿ ಕಂಡುಕೊಂಡಿದ್ದಾಳೆ. ಹಿತ್ತಲ ಹಲಸಿನ ಮರಕ್ಕೆ ಹೊಟ್ಟು ತುಂಬಿದ ಗೋಣಿಚೀಲ ಕಟ್ಟಿದ್ದಾಳೆ. ಮುಂಗಾಲಿನಿಂದ ಮೆಲ್ಲಗೆ ತಟ್ಟಿ "ಇದು ನಂಬರಿಗೆ ಅಜ್ಜಿ" ಎನ್ನುತ್ತಾಳೆ. ಆಮೇಲೆ ಹಿಂಗಾಲು ಬೀಸುತ್ತಾಳೆ. ಕೊಂಬೆ ಅಲುಗಿ, ಎಲೆ ಉದುರಿ, ಅಡಿಗೆಮನೆಯಲ್ಲಿದ್ದ ನನಗೂ ಸದ್ದು ಕೇಳುತ್ತದೆ.