ಹುಂಜ ಕೂಗದಿದ್ದರೂ ಬೆಳಗಾದ ಊರು

ಇಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನಿಂದ ಫ್ರಾಂಕ್‌ಫರ್ಟಿಗೆ ಅಗ್ಗದ ಟಿಕೆಟ್ ಸಿಕ್ಕಿತೆಂದು ಖುಷಿಪಟ್ಟ ಎಷ್ಟೋ ಮಂದಿ, ವಿಮಾನದಿಂದ ಇಳಿದು ಹೊರಗೆ ಬಂದೊಡನೆ ಸುತ್ತಲೂ ನೋಡಿ ಕಕ್ಕಾಬಿಕ್ಕಿಯಾಗುತ್ತಿದ್ದರು. ಅಲ್ಲಿ ಗಗನಚುಂಬಿ ಕಟ್ಟಡಗಳಿಲ್ಲ, ಮೈನ್ ನದಿಯಿಲ್ಲ, ರೈಲು ನಿಲ್ದಾಣವೂ ಇಲ್ಲ. ಇದ್ದದ್ದು ಕಾಡು, ಗದ್ದೆಬಯಲು, ಮಂಜು ಮತ್ತು ಒಂದು ಬಸ್ಸು. ಆ ಬಸ್ಸಿನಲ್ಲಿ ಎರಡು ಗಂಟೆಯ ಹತ್ತಿರ ಕೂತರೆ ಫ್ರಾಂಕ್‌ಫರ್ಟ್ ಬರುತ್ತಿತ್ತು. ರಸ್ತೆಯ ಲೆಕ್ಕದಲ್ಲಿ ಸುಮಾರು 120 ಕಿಲೋಮೀಟರ್. ದೇವನಹಳ್ಳಿಯೇ ದೂರವಾಯಿತೆಂದು ಗೊಣಗುವ ನಮಗೆ ಅರ್ಥವಾಗುವಂತೆ ಹೇಳುವುದಾದರೆ, ಬೆಂಗಳೂರಿಗೆಂದು ಟಿಕೆಟ್ ತೆಗೆದುಕೊಂಡವರನ್ನು ಶ್ರೀರಂಗಪಟ್ಟಣದಲ್ಲಿ ಇಳಿಸಿದ ಹಾಗೆ.

ಟಿಕೆಟ್ಟಿನ ಮೇಲೆ ‘ಫ್ರಾಂಕ್‌ಫರ್ಟ್-ಹಾನ್’ ಎಂದಿರುತ್ತಿತ್ತು. ಕಣ್ಣಿಗೆ ಬೀಳುತ್ತಿದ್ದುದು ಮೊದಲ ಪದ, ಇಳಿಯುತ್ತಿದ್ದುದು ಎರಡನೆಯ ಪದದಲ್ಲಿ. ಹಾನ್ ಎಂಬುದು ಜರ್ಮನಿಯ ಹುನ್ಸ್‌ರುಕ್ ಪ್ರಸ್ಥಭೂಮಿಯ ಒಂದು ಪುಟ್ಟ ಹಳ್ಳಿ. ಊರಿನ ಹೆಸರಿನ ಮೂಲ ಏನೇ ಇರಲಿ, ಜರ್ಮನ್ ಭಾಷೆಯಲ್ಲಿ ‘ಹಾನ್’ ಅಂದರೆ ಹುಂಜ. ನಮ್ಮಲ್ಲಿ ಒಬ್ಬಳು ಅಜ್ಜಿಯ ಕಥೆಯಿದೆಯಲ್ಲ, ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದವಳದ್ದು. ಊರವರ ಮೇಲೆ ಮುನಿಸಿಕೊಂಡು, ಇನ್ನು ಹೇಗೆ ಬೆಳಗಾಗುತ್ತದೋ ನೋಡೋಣ ಎಂದು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟು ಹೋದಳಂತೆ. ಹಾನ್‌ನ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಓದುವಾಗ ಆ ಅಜ್ಜಿ ಮತ್ತೆ ಮತ್ತೆ ನೆನಪಾಗುತ್ತಾಳೆ.

ಹುನ್ಸ್‌ರುಕ್ ಪ್ರದೇಶ ರೈನ್, ಮೋಸೆಲ್ ಮತ್ತು ನಾಹೆ ನದಿಗಳ ನಡುವೆ ಎದ್ದು ನಿಂತ ಎತ್ತರದ ನೆಲ. ಕೆಳಗೆ ಮೋಸೆಲ್ ಕಣಿವೆಯಲ್ಲಿ ದ್ರಾಕ್ಷಿ ತೋಟಗಳು, ವೈನು, ಪ್ರವಾಸಿಗರು. ಮೇಲೆ ಚಳಿ, ಗಾಳಿ, ಬಡ ಮಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ರೈತರು ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬ್ರೆಜಿಲ್‌ಗೆ ಹೋದರು. ಅವರ ಆಡುಮಾತು ಬ್ರೆಜಿಲ್‌ನ ದಕ್ಷಿಣದ ರಾಜ್ಯಗಳಲ್ಲಿ ಇವತ್ತಿಗೂ ಉಳಿದಿದೆ. ಈ ಸೀಮೆಯ ಮೋರ್ಬಾಖ್ ಎಂಬ ಊರಿನಲ್ಲಿ 1932ರಲ್ಲಿ ಹುಟ್ಟಿದ ಚಿತ್ರ ನಿರ್ದೇಶಕ ಎಡ್ಗರ್ ರೈಟ್ಸ್, 1984ರಲ್ಲಿ ‘ಹೈಮಾಟ್’ ಎಂಬ ಹದಿನೈದು ಗಂಟೆಗೂ ಮಿಕ್ಕಿದ ಚಿತ್ರಮಾಲೆ ಮಾಡಿದ. ‘ಹೈಮಾಟ್’ ಅಂದರೆ ತವರೂರು, ತಾಯ್ನೆಲ. ಶಾಬ್ಬಾಖ್ ಎಂಬ ಕಾಲ್ಪನಿಕ ಹಳ್ಳಿಯಲ್ಲಿ ನಡೆಯುವ ಆ ಕಥೆಯಲ್ಲಿ ಊರು ಬಿಟ್ಟು ಹೋಗುವವರು, ಉಳಿಯುವವರು ಮತ್ತು ಹಿಂದಿರುಗಿ ಬಂದು ಅಪರಿಚಿತರಾಗುವವರು ತುಂಬಿಕೊಂಡಿದ್ದಾರೆ. ಆ ನೆಲದ ಮಟ್ಟಿಗೆ ಅದು ಕಲ್ಪನೆಗಿಂತ ಹೆಚ್ಚಾಗಿ ವರದಿಯೇ.

ಬಿಟ್ಟು ಹೋಗುವ ಈ ಊರಿಗೆ ಹೊರಗಿನವರು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಸೋತ ಜರ್ಮನಿಯ ಈ ಭಾಗ ಫ್ರೆಂಚರ ವಶದಲ್ಲಿತ್ತು. 1950ರಲ್ಲಿ ಕೊರಿಯಾ ಯುದ್ಧ ಶುರುವಾದ ಮೇಲೆ, ಸೋವಿಯತ್ ಸೇನೆ ಯುರೋಪಿನಲ್ಲಿಯೂ ಮುನ್ನುಗ್ಗಬಹುದೆಂಬ ಭಯ ಹುಟ್ಟಿಕೊಂಡಿತು. ಪೂರ್ವದ ಗಡಿಗೆ ಹತ್ತಿರವಿದ್ದ ವಾಯುನೆಲೆಗಳು ಮೊದಲ ಏಟಿಗೇ ಹೋಗಿಬಿಡುತ್ತವೆ, ಹಾಗಾಗಿ ರೈನ್ ನದಿಯ ಪಶ್ಚಿಮಕ್ಕೆ ಹೊಸ ನೆಲೆಗಳು ಬೇಕು ಎಂದು ನ್ಯಾಟೋ ಲೆಕ್ಕ ಹಾಕಿತು. ಬಿಟ್‌ಬುರ್ಗ್, ಸ್ಪಾಂಗ್‌ಡಾಲೆಮ್, ರಾಮ್‌ಸ್ಟೈನ್, ಜೆಂಬಾಖ್, ಹಾನ್ ಹೀಗೆ ಸಾಲಾಗಿ ಓಡುದಾರಿಗಳು ಎದ್ದವು. ಈ ಊರುಗಳಿರುವ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯಕ್ಕೆ ‘ನ್ಯಾಟೋದ ವಿಮಾನವಾಹಕ ಹಡಗು’ ಎಂಬ ಅಡ್ಡಹೆಸರೇ ಬಿತ್ತು.

ಹಾನ್‌ನಲ್ಲಿ ಫ್ರೆಂಚರು 1951ರಲ್ಲಿ ಕೆಲಸ ಶುರುಮಾಡಿದರು. ಮರು ವರ್ಷವೇ ಅದು ಅಮೆರಿಕದ ವಾಯುಪಡೆಯ ಕೈಗೆ ಬಂತು. ಪಶ್ಚಿಮ ಜರ್ಮನಿಗೆ ಸಾರ್ವಭೌಮತ್ವ ಸಿಕ್ಕಿದ್ದು 1955ರಲ್ಲಿ. ಅಂದರೆ ಈ ಬೆಟ್ಟದ ಮೇಲೆ ಕಾಡು ಕಡಿದು ಕಾಂಕ್ರೀಟು ಹಾಕುವ ತೀರ್ಮಾನ ನಡೆದಾಗ ಊರಿನವರನ್ನು ಕೇಳುವ ಮಾತು ಹಾಗಿರಲಿ, ಅವರ ದೇಶವನ್ನೇ ಕೇಳಬೇಕಾದ ಅಗತ್ಯ ಅಷ್ಟಾಗಿ ಇರಲಿಲ್ಲ.

ಆದರೆ ಬಂದದ್ದು ಬರೀ ವಿಮಾನಗಳಲ್ಲ. ಸಾವಿರಾರು ಸೈನಿಕರು, ಅವರ ಹೆಂಡಿರು ಮಕ್ಕಳು, ಅವರ ಡಾಲರು ಎಲ್ಲವೂ ಬಂದವು. ಪಕ್ಕದ ಲಾಟ್ಸೆನ್‌ಹೌಸನ್ ಎಂಬ ಹಳ್ಳಿ ಬಾರುಗಳಿಂದ ತುಂಬಿಹೋಯಿತು. ಸೋರೆನ್, ಬ್ಯೂಖನ್‌ಬೋಯರನ್ ಊರುಗಳಲ್ಲಿ ಮನೆ ಬಾಡಿಗೆಗೆ ಕೊಡುವುದು ಬೇಸಾಯಕ್ಕಿಂತ ಲಾಭದ ಕಸುಬಾಯಿತು. ಬೇಲಿಯೊಳಗೆ ಅಡುಗೆಯವರು, ಎಲೆಕ್ಟ್ರಿಷಿಯನ್‌ಗಳು, ಗುಮಾಸ್ತರು ಬೇಕಾಗಿತ್ತು. ಅಜ್ಜ ಬ್ರೆಜಿಲ್‌ಗೆ ಹೋಗಲು ಯೋಚಿಸಿದ ಊರಿನಲ್ಲಿ ಮೊಮ್ಮಗನಿಗೆ ಮನೆ ಬಾಗಿಲಲ್ಲೇ ಸಂಬಳದ ಕೆಲಸ ಸಿಕ್ಕಿತು.

ಆ ಸಂಬಳಕ್ಕೊಂದು ನೆರಳೂ ಇತ್ತು. ಸೇಬರ್, ಸೂಪರ್ ಸೇಬರ್, ಫ್ಯಾಂಟಮ್, 1980ರ ದಶಕದ ಶುರುವಿನಿಂದ ಎಫ್-16, ಹೀಗೆ ಕಾಲಕಾಲಕ್ಕೆ ಯುದ್ಧವಿಮಾನಗಳು ಬದಲಾದವು. ಅವುಗಳಲ್ಲಿ ಕೆಲವು ಅಣುಬಾಂಬು ಹೊತ್ತು ಕೆಲವೇ ನಿಮಿಷಗಳಲ್ಲಿ ಮೇಲೇರಲು ಸಿದ್ಧವಾಗಿ ನಿಂತಿರುತ್ತಿದ್ದವು. ನಾವು ಯಾರನ್ನು ಹೊಡೆಯಲು ಸಿದ್ಧರಾಗಿರುತ್ತೇವೋ ಅವರೂ ನಮ್ಮನ್ನು ಹೊಡೆಯಲು ಸಿದ್ಧರಾಗಿರುತ್ತಾರೆ. ದನದ ಕೊಟ್ಟಿಗೆ, ಚರ್ಚು, ಶಾಲೆ ಇದ್ದ ಈ ಹಳ್ಳಿಗಳು ಮಾಸ್ಕೋದ ಯಾವುದೋ ನಕ್ಷೆಯಲ್ಲಿ ಗುರುತಾಗಿರಲೇಬೇಕು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತಿತ್ತು.

1980ರ ದಶಕದಲ್ಲಿ ಹತ್ತಿರದ ಹಾಸೆಲ್‌ಬಾಖ್ ಬಳಿ ಕ್ರೂಸ್ ಕ್ಷಿಪಣಿಗಳನ್ನು ತಂದಿಡುವ ಯೋಜನೆ ಬಂದಾಗ ಈ ಭಯ ಬೀದಿಗಿಳಿಯಿತು. ಬರಬೇಕಿದ್ದ ಕ್ಷಿಪಣಿಗಳು 96. ಶಾಂತಿ ಚಳವಳಿಯವರು ಅಲ್ಲಿನ ಹೊಲವೊಂದರಲ್ಲಿ 96 ಮರದ ಶಿಲುಬೆಗಳನ್ನು ನೆಟ್ಟರು. 1986ರ ಅಕ್ಟೋಬರ್ 11ರಂದು ಅಲ್ಲಿ ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವು ನೂರು ಜನರಿರುವ ಹಳ್ಳಿಗೆ ಎರಡು ಲಕ್ಷ ಜನ! ಆ ದಿನ ಶಿಲುಬೆಯ ಹೊಲದಲ್ಲಿ ನಿಂತವರಿಗೂ, ಮರುದಿನ ಬೆಳಗ್ಗೆ ಅಮೆರಿಕನ್ನರ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಕೆಲಸಕ್ಕೆ ಹೋದವರಿಗೂ ಮಾತು ಸಲೀಸಾಗಿದ್ದಿರಲಾರದು. ಒಬ್ಬರದು ಬದುಕಿ ಉಳಿಯುವ ಪ್ರಶ್ನೆ, ಇನ್ನೊಬ್ಬರದು ಬದುಕು ನಡೆಸುವ ಪ್ರಶ್ನೆ. ಎರಡೂ ಸಣ್ಣ ಪ್ರಶ್ನೆಗಳಲ್ಲ.

ಉತ್ತರ ಬಂದದ್ದು ಬೇರೆಲ್ಲಿಂದಲೋ. 1987ರ ಡಿಸೆಂಬರಿನಲ್ಲಿ ರೇಗನ್ ಮತ್ತು ಗೋರ್ಬಚೇವ್ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. 1989ರಲ್ಲಿ ಬರ್ಲಿನ್ ಗೋಡೆ ಬಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ಹಾನ್‌ನ ಎಫ್-16ಗಳು ಕೊನೆಯ ಸಲ ಕೆಲಸ ಮಾಡಿದವು, ಅದೇ ವರ್ಷ ಅಲ್ಲಿನ ಯುದ್ಧವಿಮಾನ ದಳ ವಿಸರ್ಜನೆಯಾಯಿತು. 1993ರ ಸೆಪ್ಟೆಂಬರ್ ಕೊನೆಗೆ ಅಮೆರಿಕನ್ನರು ನೆಲೆಯನ್ನು ಜರ್ಮನರಿಗೆ ಒಪ್ಪಿಸಿದರು. ಮೊದಲ ಅಜ್ಜಿ ಹುಂಜ ಎತ್ತಿಕೊಂಡು ಹೊರಟಳು. ಬಾರುಗಳ ದೀಪ ಆರಿತು, ಬಾಡಿಗೆ ಮನೆಗಳು ಖಾಲಿಯಾದವು. ಕ್ಷಿಪಣಿ ಬೇಡ ಎಂದು ಕೂಗಿದ್ದವರ ಬೇಡಿಕೆ ಈಡೇರಿತ್ತು. ಆದರೆ ಹಳ್ಳಿಗಳು ದುಡಿಮೆಯನ್ನು ಕಳೆದುಕೊಂಡಿದ್ದವು.

ಖಾಲಿ ಮನೆಗಳು ಬಹಳ ದಿನ ಖಾಲಿ ಉಳಿಯಲಿಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಕಜಕಸ್ತಾನ, ಸೈಬೀರಿಯಾಗಳಿಂದ ಜರ್ಮನ್ ಮೂಲದ ಜನ ತಮ್ಮ ಪೂರ್ವಜರ ದೇಶಕ್ಕೆ ಮರಳುತ್ತಿದ್ದರು. ಅವರಲ್ಲಿ ಬಹಳ ಮಂದಿ ಅಮೆರಿಕನ್ನರು ಬಿಟ್ಟುಹೋದ ಮನೆಗಳಲ್ಲಿ ಬಂದು ನೆಲೆಸಿದರು. ನಾಲ್ಕು ದಶಕ ‘ರಷ್ಯನ್ನರು ಬರುತ್ತಾರೆ’ ಎಂಬ ಭಯದಲ್ಲಿ ಕಟ್ಟಿದ ನೆಲೆಗೆ, ಕೊನೆಗೂ ರಷ್ಯದಿಂದ ಜನ ಬಂದರು: ಸೂಟ್‌ಕೇಸು ಹಿಡಿದು, ಮಕ್ಕಳನ್ನು ಕರೆದುಕೊಂಡು. ಎಡ್ಗರ್ ರೈಟ್ಸ್ ತನ್ನ ಮೂರನೆಯ ‘ಹೈಮಾಟ್’ (2004) ಚಿತ್ರಮಾಲೆಯಲ್ಲಿ ಈ ಅದಲುಬದಲನ್ನು ಹಿಡಿದಿಟ್ಟಿದ್ದಾನೆ.

ಉಳಿದದ್ದು ಉದ್ದನೆಯ ಓಡುದಾರಿ. ಯುದ್ಧವಿಮಾನಕ್ಕೆಂದು ಕಟ್ಟಿದ ನೆಲೆಯಲ್ಲಿ ಒಂದು ಅಗ್ಗದ ವಿಮಾನ ಸಂಸ್ಥೆಗೆ ಬೇಕಾದ ಎಲ್ಲವೂ ಇರುತ್ತದೆ. ಗಟ್ಟಿ ಕಾಂಕ್ರೀಟು, ವಿಶಾಲ ಜಾಗ, ದಟ್ಟಣೆಯಿಲ್ಲದ ಆಕಾಶ, ಸದ್ದಿಗೆ ಒಗ್ಗಿಹೋದ ವಿರಳ ಜನವಸತಿ. ಹಾನ್‌ಗೆ ರಾತ್ರಿಯಿಡೀ ವಿಮಾನ ಇಳಿಸುವ ಅನುಮತಿಯೂ ಸಿಕ್ಕಿತು. ಅದೇ 1993ರಲ್ಲಿ ಯುರೋಪಿನ ಒಕ್ಕೂಟ ವಿಮಾನಯಾನದ ಮಾರುಕಟ್ಟೆಯನ್ನು ತೆರೆದುಬಿಟ್ಟಿತ್ತು. ಯಾವ ಸದಸ್ಯ ದೇಶದ ಸಂಸ್ಥೆಯಾದರೂ ಒಕ್ಕೂಟದೊಳಗೆ ತನಗೆ ಬೇಕಾದ ಮಾರ್ಗದಲ್ಲಿ, ತಾನು ಹೇಳಿದ ದರಕ್ಕೆ ಹಾರಬಹುದಿತ್ತು. 1998ರಲ್ಲಿ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಕಂಪನಿ ಹಾನ್‌ನಲ್ಲಿ ಬಹುಪಾಲು ಷೇರು ಹಿಡಿಯಿತು. 1999ರಲ್ಲಿ ಐರ್ಲೆಂಡಿನ ರಯಾನ್‌ಏರ್ ಲಂಡನ್ನಿನಿಂದ ಮೊದಲ ವಿಮಾನ ಇಳಿಸಿತು. 2002ರಲ್ಲಿ ಹಾನ್ ಅನ್ನು ತನ್ನ ತಂಗುನೆಲೆ ಮಾಡಿಕೊಂಡಿತು.

‘ಫ್ರಾಂಕ್‌ಫರ್ಟ್’ ಎಂಬ ಹೆಸರಿನ ವಿರುದ್ಧ ಲುಫ್ತಾನ್ಸಾ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹೆಸರು ಮಾತ್ರ ಉಳಿದುಕೊಂಡಿತು. ಹಾನ್ ಒಂದೇ ಅಲ್ಲ. ಬ್ರಿಟಿಷ್ ವಾಯುಪಡೆ 1999ರಲ್ಲಿ ಬಿಟ್ಟುಹೋದ ಲಾರ್‌ಬ್ರುಖ್ ನೆಲೆಯನ್ನು 2003ರಲ್ಲಿ ನಾಗರಿಕ ನಿಲ್ದಾಣವಾಗಿ ತೆರೆದಾಗ ಅದಕ್ಕೆ ಡಸೆಲ್ಡಾರ್ಫ್ ಹೆಸರು ಅಂಟಿಸುವ ಬಗ್ಗೆಯೂ ಜಗಳವಾಯಿತು. ಜರ್ಮನ್ ಸೇನೆಯದಾಗಿದ್ದ ಮೆಮ್ಮಿಂಗನ್ ನೆಲೆ ‘ಮ್ಯೂನಿಕ್ ಪಶ್ಚಿಮ’ವಾಯಿತು. ಸೇನೆ ಊರನ್ನು ನಕ್ಷೆಯಲ್ಲಿ ಬಚ್ಚಿಡುತ್ತದೆ. ಅಗ್ಗದ ವಿಮಾನ ಸಂಸ್ಥೆಯೂ ಊರನ್ನು ಬಚ್ಚಿಡುತ್ತದೆ, ಆದರೆ ದೊಡ್ಡ ಊರಿನ ಹೆಸರಿನ ಹಿಂದೆ.

ಆದರೂ ಈ ಅಗ್ಗದ ಟಿಕೆಟ್ಟನ್ನು ಹೀಗಳೆಯಲಾರೆ. ಅಂಥ ದರವಿಲ್ಲದಿದ್ದರೆ ವಿಮಾನ ಹತ್ತದೇ ಇರುತ್ತಿದ್ದ ವಿದ್ಯಾರ್ಥಿಗಳು, ಕೂಲಿಗೆ ದೇಶ ಬಿಟ್ಟ ಕಾರ್ಮಿಕರು, ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜಿ ತಾತಂದಿರು ಈ ಬೆಟ್ಟದ ಮೇಲಿಂದ ಹಾರಿದ್ದಾರೆ. 2007ರಲ್ಲಿ ಸುಮಾರು 40 ಲಕ್ಷ ಪ್ರಯಾಣಿಕರು ಹಾನ್ ಮೂಲಕ ಹೋಗಿಬಂದರು. ಹಳ್ಳಿಗಳಿಗೆ ಮತ್ತೆ ಕೆಲಸ ಬಂತು.

ಲಾಭ ಮಾತ್ರ ಬರಲಿಲ್ಲ. ಟಿಕೆಟ್ ಅಗ್ಗವಾಗಬೇಕಾದರೆ ನಿಲ್ದಾಣದ ಶುಲ್ಕ ಅಗ್ಗವಾಗಬೇಕು. ಒಂದೇ ಗಿರಾಕಿಯನ್ನು ನಂಬಿದ ಅಂಗಡಿಯಲ್ಲಿ ಬೆಲೆ ಹೇಳುವವನು ಗಿರಾಕಿಯೇ. ಪ್ರತಿ ಪ್ರಯಾಣಿಕನಿಂದ ಮೂರು ಯುರೋ ಶುಲ್ಕ ತೆಗೆದುಕೊಳ್ಳುವ ಯೋಚನೆ ಬಂದಾಗ, ಹಾಗಾದರೆ ನಾವು ಬೇರೆ ಊರು ನೋಡಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ಶುಲ್ಕದ ಯೋಚನೆ ಬಿದ್ದುಹೋಯಿತು. 2009ರಲ್ಲಿ ಫ್ರಾಂಕ್‌ಫರ್ಟಿನ ಕಂಪನಿ ತನ್ನ ಪಾಲನ್ನು ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯಕ್ಕೆ ಒಂದು ಯುರೋಗೆ ಬಿಟ್ಟುಕೊಟ್ಟಿತು. ಹೌದು, ಒಂದೇ ಯುರೋ. ಟಿಕೆಟ್ಟಿನಲ್ಲಿ ಕಾಣದ ಬೆಲೆಯನ್ನು ಅಲ್ಲಿಂದ ಮುಂದೆ ಇನ್ನೂ ಹೆಚ್ಚಾಗಿ ಕೊಡಬೇಕಾದವರು ರಾಜ್ಯದ ತೆರಿಗೆದಾರರು. ಅವರಲ್ಲಿ ಎಂದೂ ವಿಮಾನ ಹತ್ತದವರೂ ಇದ್ದರು.

2011ರಲ್ಲಿ ಜರ್ಮನಿ ವಿಮಾನ ಪ್ರಯಾಣಕ್ಕೆ ತೆರಿಗೆ ಹಾಕಿತು. ಕ್ರಮೇಣ ರಯಾನ್‌ಏರ್ ಕೂಡ ದೊಡ್ಡ ನಿಲ್ದಾಣಗಳತ್ತ ತಿರುಗಿತು, ಕೊನೆಗೆ ನಿಜವಾದ ಫ್ರಾಂಕ್‌ಫರ್ಟಿಗೇ ಹಾರತೊಡಗಿತು. ಎರಡನೆಯ ಅಜ್ಜಿಯೂ ಹುಂಜಕ್ಕೆ ಕೈ ಹಾಕಿದ್ದಳು. 2016ರಲ್ಲಿ ರಾಜ್ಯ ಸರ್ಕಾರ ನಿಲ್ದಾಣವನ್ನು ಚೀನಾದ ಒಂದು ಕಂಪನಿಗೆ ಮಾರಲು ಹೊರಟಿತು. ಕೊಳ್ಳುವವರ ಬಳಿ ದುಡ್ಡೇ ಇಲ್ಲವೆಂದು ಗೊತ್ತಾಗಿ ವ್ಯವಹಾರ ಮುರಿದುಬಿತ್ತು. ಮುಖ್ಯಮಂತ್ರಿ ಮಾಲು ಡ್ರೈಯರ್ ವಿಧಾನಸಭೆಯಲ್ಲಿ ಅವಿಶ್ವಾಸ ನಿರ್ಣಯ ಎದುರಿಸಿ ಉಳಿದುಕೊಂಡರು. ಮರು ವರ್ಷ ಚೀನಾದ್ದೇ ಆದ ಎಚ್‌ಎನ್‌ಎ ಸಮೂಹ 82.5 ಶೇಕಡಾ ಪಾಲು ಕೊಂಡಿತು. ಆ ಸಮೂಹವೂ ಸಾಲದಲ್ಲಿ ಮುಳುಗಿ, 2021ರ ಅಕ್ಟೋಬರಿನಲ್ಲಿ ಹಾನ್ ನಿಲ್ದಾಣದ ಕಂಪನಿ ದಿವಾಳಿ ಅರ್ಜಿ ಹಾಕಿತು. ಈ ನಡುವೆ, 2019ರ ನವೆಂಬರಿನಲ್ಲಿ, ಮೋಸೆಲ್ ಕಣಿವೆಯ ಮೇಲೆ 1.7 ಕಿಲೋಮೀಟರ್ ಉದ್ದದ ಭಾರೀ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತ್ತು. ಹಾನ್ ಕಡೆಗೆ ಒಳ್ಳೆಯ ರಸ್ತೆ ಬಂದಾಗ ಪ್ರಯಾಣಿಕರು ವರ್ಷಕ್ಕೆ 15 ಲಕ್ಷಕ್ಕೆ ಇಳಿದಿದ್ದರು.

ಇದೇ ರಾಜ್ಯದ ಸ್ವೈಬ್ರ್ಯೂಕನ್ ಎಂಬ ಇನ್ನೊಂದು ಹಳೆಯ ಅಮೆರಿಕನ್ ನೆಲೆಯ ಕಥೆ ಇನ್ನೂ ಮೊದಲೇ ಮುಗಿದಿತ್ತು. ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಾರ್‌ಬ್ರ್ಯೂಕನ್ ನಿಲ್ದಾಣ ಇರುವಾಗ ಇದಕ್ಕೆ ಸರ್ಕಾರದ ಹಣ ಸುರಿದದ್ದು ತಪ್ಪು, ಅದನ್ನು ವಾಪಸು ಪಡೆಯಬೇಕು ಎಂದು ಯುರೋಪಿನ ಆಯೋಗ ಹೇಳಿತು. 2014ರಲ್ಲಿ ಅದು ದಿವಾಳಿಯಾಯಿತು. ಹಾನ್ ಮಾತ್ರ ದಿವಾಳಿಯ ನಂತರವೂ ಉಳಿದುಕೊಂಡಿತು. 2023ರಲ್ಲಿ ಹತ್ತಿರದ ಟ್ರಿಯರ್ ನಗರದ ಟ್ರಿವೊ ಎಂಬ ಕಂಪನಿ ಅದನ್ನು ಕೊಂಡಿತು. ಹಳೆಯ ಸೇನಾ ಜಾಗಗಳನ್ನು ಕೈಗಾರಿಕಾ ವಸಾಹತುಗಳನ್ನಾಗಿ ಮಾಡುವುದರಲ್ಲಿ ಅನುಭವವಿದ್ದ ಕಂಪನಿ ಅದು. ಸರಕು ವಿಮಾನಗಳು ಇಂದಿಗೂ ಇಳಿಯುತ್ತವೆ, ರಜೆಗೆ ಹೋಗುವವರು ಹಾರುತ್ತಾರೆ. ಅಮೆರಿಕನ್ನರ ಕಟ್ಟಡಗಳಲ್ಲಿ 1990ರ ದಶಕದಿಂದ ರಾಜ್ಯದ ಪೊಲೀಸ್ ತರಬೇತಿ ಶಾಲೆ ನಡೆಯುತ್ತಿದೆ. ಎರಡು ಲಕ್ಷ ಜನ ಯಾವ ಕ್ಷಿಪಣಿಗಳನ್ನು ವಿರೋಧಿಸಿ ಸೇರಿದ್ದರೋ, ಅವುಗಳಿಗೆಂದು ಕಟ್ಟಿದ ಬಂಕರುಗಳ ನಡುವೆ ಪ್ರತಿ ಬೇಸಿಗೆ ಯುವಕರು ಟೆಕ್ನೋ ಸಂಗೀತೋತ್ಸವಕ್ಕೆ ಸೇರಿ ರಾತ್ರಿಯಿಡೀ ಕುಣಿಯುತ್ತಾರೆ.

ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬಂದವರ ಹೆಸರಿನಲ್ಲಿ ಬರೆಯುತ್ತೇವೆ: ಫ್ರೆಂಚರ ಕಾಲ, ಅಮೆರಿಕನ್ನರ ಕಾಲ, ರಯಾನ್‌ಏರ್ ಕಾಲ, ಚೀನೀಯರ ಕಾಲ. ಹಾನ್‌ಗೆ ಬಂದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹೋದರು. ಬರುವ ತೀರ್ಮಾನವನ್ನೂ ಹೋಗುವ ತೀರ್ಮಾನವನ್ನೂ ಬೇರೆ ಊರುಗಳಲ್ಲಿ ಕೂತವರು ಮಾಡಿದರು, ವಾಷಿಂಗ್ಟನ್ನಿನಲ್ಲಿ, ಡಬ್ಲಿನ್ನಿನಲ್ಲಿ, ಚೀನಾದಲ್ಲಿ. ತಮ್ಮಿಂದಲೇ ಈ ಊರಿಗೆ ಬೆಳಗಾಗುವುದು ಎಂದು ಪ್ರತಿಯೊಬ್ಬರೂ ಹೇಳಿದರು. ಊರವರಲ್ಲಿಯೂ ಅನೇಕರು ನಂಬಿದರು. ಅವರನ್ನು ದೂರಲಾಗದು. ಸಂಬಳ ಬರುತ್ತಿರುವಾಗ ಹುಂಜದ ಕೂಗನ್ನು ಅನುಮಾನಿಸುವವರು ಯಾರು?

ಅಜ್ಜಿಯ ಕಥೆಯನ್ನು ನಾವು ಅಜ್ಜಿಯನ್ನು ನೋಡಿ ನಗಲು ಹೇಳುತ್ತೇವೆ. ಅವಳು ಹೋದ ಮರುದಿನ ಊರವರು ಹೇಗೆ ಎದ್ದರು ಎಂದು ಕಥೆ ಹೇಳುವುದಿಲ್ಲ. ಬೆಳಗೇನೋ ತಾನಾಗಿ ಆಗುತ್ತದೆ. ಆದರೆ ವರ್ಷಗಟ್ಟಲೆ ಒಂದೇ ಹುಂಜದ ಕೂಗಿಗೆ ಏಳುವುದನ್ನು ರೂಢಿಮಾಡಿಕೊಂಡ ಊರು ಮತ್ತೆ ತಾನಾಗಿ ಏಳುವುದನ್ನು ಕಲಿಯಬೇಕಾಗುತ್ತದೆ. ಹುನ್ಸ್‌ರುಕ್‌ನ ಆ ಹಳ್ಳಿಗಳು ಮೂವತ್ತು ವರ್ಷಗಳಲ್ಲಿ ಅದನ್ನು ಎರಡು ಸಲ ಕಲಿತಿವೆ.