ನೀಲಗಿರಿ ವಯನಾಡಿನ ಎಲ್ಲೆಗಳೂ ನುಡಿಗಳೂ

ಒಂದು ಸೀಮೆಯ ಜನರಿಗೆ ತಮ್ಮದೆಂಬ ಗುರುತು ಬರುವುದು ಸರಕಾರವು ಎಳೆದ ಗೆರೆಯಿಂದಲೋ, ಅವರು ಆಡುವ ನುಡಿಯಿಂದಲೋ? ಇಂಗ್ಲೆಂಡನ್ನೇ ನೋಡೋಣ. ದೂರದ ನಮಗೆ ಇಂಗ್ಲಿಷರೆಲ್ಲ ಒಂದೇ ಎಂದು ತೋರುವುದು. ಆದರೆ ಒಂಬತ್ತನೆಯ ಶತಮಾನದಲ್ಲಿ ಡೇನರು ಬಂದು ನೆಲಸಿದ ಉತ್ತರ ಮತ್ತು ಪೂರ್ವ ಸೀಮೆಗಳಲ್ಲಿ ವಿಟ್ಬಿ, ಡರ್ಬಿ, ಗ್ರಿಮ್ಸ್‌ಬಿ ಮುಂತಾದ ಹೆಸರುಗಳು ಇಂದಿಗೂ ಉಳಿದಿವೆ. ಕೊನೆಯ 'ಬಿ'ಗೆ ಅವರ ನುಡಿಯಲ್ಲಿ ಊರೆಂದೇ ಅರ್ಥ. ಡೇನರ ಆಳಿಕೆ ಅಳಿದು ಸಾವಿರ ವರ್ಷವಾಯಿತು, ಹೆಸರು ಅಳಿಯಲಿಲ್ಲ. 1974ರಲ್ಲಿ ಯಾರ್ಕ್‌ಷೈರಿನ ಹಳೆಯ ಆಡಳಿತ ವಿಭಾಗಗಳನ್ನು ತೆಗೆದುಹಾಕಿದರೂ ಅಲ್ಲಿಯವರು ಯಾರ್ಕ್‌ಷೈರಿನವರಾಗಿಯೇ ಉಳಿದರು.

ಈ ಮಾತು ನಮ್ಮ ಪಂದಲೂರಿಗೆ ಇನ್ನೂ ಚೆನ್ನಾಗಿ ಒಪ್ಪುವುದು. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಕೇರಳದ ವಯನಾಡು. ಗೂಡಲೂರು, ಮುದುಮಲೆಗಳನ್ನು ಹಾದು ಉತ್ತರಕ್ಕೆ ನಡೆದರೆ ಕರ್ನಾಟಕದ ಗುಂಡ್ಲುಪೇಟೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋದವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನೆಂದು ಚಾಮರಾಜನಗರದ 1117ರ ಕನ್ನಡ ಶಾಸನವು ಸಾರುತ್ತದೆ. ಘಟ್ಟದ ಮೇಲಣ ಬಡಗರ ಹೆಸರಿಗೆ ಬಡಗಣ ದಿಕ್ಕಿನವರೆಂದು ಅರ್ಥ. ಮೈಸೂರು ಸೀಮೆಯಿಂದ ಬಂದೆವೆಂಬುದು ಅವರ ಪರಂಪರೆಯ ಮಾತು.

ಪಂದಲೂರು ಸೀಮೆಯಾದರೋ 1877ರವರೆಗೆ ಮಲಬಾರ ಜಿಲ್ಲೆಯಲ್ಲಿತ್ತು. ಆ ವರ್ಷ ಅದನ್ನು ನೀಲಗಿರಿಗೆ ಸೇರಿಸಿದರು. ಎರಡೇ ವರ್ಷಗಳಲ್ಲಿ ಚಿನ್ನದ ಹುಚ್ಚು ಹಬ್ಬಿತು. ಲಂಡನ್ನಿನಲ್ಲಿ ಕಂಪೆನಿಗಳು ಹುಟ್ಟಿದುವು, ಪಂದಲೂರು ದೇವಾಲಗಳಲ್ಲಿ ಯಂತ್ರಗಳು ಬಂದಿಳಿದುವು, ಕೆಲವೇ ವರ್ಷಗಳಲ್ಲಿ ಎಲ್ಲವೂ ಬರಿದಾಯಿತು. ಜಿಲ್ಲೆ ಬದಲಾದರೂ ಭೂಮಿಯ ಜನ್ಮಹಕ್ಕು ನಿಲಂಬೂರು ಕೋವಿಲಕದಲ್ಲಿಯೇ ನಿಂತಿತು. ಅದನ್ನು ರದ್ದುಪಡಿಸುವ ಗೂಡಲೂರು ಜನ್ಮಂ ಶಾಸನವಾದುದು 1969ರಲ್ಲಿ. ಈ ನಡುವೆ 1956ರ ನವೆಂಬರ್ 1ರಂದು ಮಲಬಾರವು ಕೇರಳಕ್ಕೂ ಕೊಳ್ಳೇಗಾಲವು ಮೈಸೂರಿಗೂ ಸೇರಿದುವು. ನೀಲಗಿರಿಯು ಮದರಾಸಿನಲ್ಲಿಯೇ ಉಳಿಯಿತು. 1964ರ ಭಾರತ-ಸಿಂಹಳ ಒಪ್ಪಂದದ ಬಳಿಕ ಮರಳಿದ ತಮಿಳರಿಗಾಗಿ ಸರಕಾರವು 1968ರಿಂದ ಇಲ್ಲಿ ಚಹಾ ತೋಟಗಳನ್ನು ಬೆಳೆಸಿತು.

ಹೀಗೆ ಬಂದವರು ಹಲವರು. ಆದರೆ ಮೊದಲಿನಿಂದಲೂ ಇದ್ದವರು ಯಾರು? ಪಣಿಯರು, ಮುಳ್ಳು ಕುರುಂಬರು, ಬೆಟ್ಟ ಕುರುಂಬರು, ಕಾಟ್ಟುನಾಯಕರು. ಪಣಿಯರ ನುಡಿ ಮಲಯಾಳಕ್ಕೆ ಹತ್ತಿರ, ಕಾಟ್ಟುನಾಯಕರ ನುಡಿ ಕನ್ನಡಕ್ಕೆ ಹತ್ತಿರ. ಹತ್ತಿರವೆಂದ ಮಾತ್ರಕ್ಕೆ ಅವರನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ. ದೊಡ್ಡ ಭಾಷೆಗಳ ನೆರಳಿನಲ್ಲಿ ನಮ್ಮ ನುಡಿ ಬಾಡೀತೆಂದು ಗಡಿನಾಡ ಕನ್ನಡಿಗರಾದ ನಾವು ಅಂಜುತ್ತೇವೆ. ಕಾಡಿನ ಈ ಪುಟ್ಟ ನುಡಿಗಳಿಗೆ ನಮ್ಮ ಕನ್ನಡವೂ ಒಂದು ದೊಡ್ಡ ನೆರಳೇ ಎಂಬುದನ್ನು ಮರೆಯಲಾಗದು.

ಎಲ್ಲೆಗಳನ್ನು ತಿದ್ದುವ ಅಧಿಕಾರ ನಮ್ಮದಲ್ಲ. ಅದರ ಹಂಬಲವೂ ನಮಗೆ ಬೇಡ. ನಮ್ಮ ಕೈಯಲ್ಲಿರುವ ಕೆಲಸ ಬೇರೆ. ನಮ್ಮ ಮಕ್ಕಳಿಗೆ ಕನ್ನಡ ಓದುಬರಹ ಕಲಿಸೋಣ. ಅದರೊಡನೆಯೇ ನೆರೆಯ ಹಾಡಿಯ ಹಿರಿಯರು ಬೆಟ್ಟಕ್ಕೆ, ತೊರೆಗೆ, ಮರಕ್ಕೆ ಇಟ್ಟ ಹೆಸರುಗಳನ್ನು ಅವರಿಂದಲೇ ಕೇಳಿ, ಅವರ ನುಡಿಯೆಂದೇ ಬರೆದಿಡೋಣ. ನಮ್ಮ ನುಡಿಗೆ ನಾವು ಕೇಳುವ ಮನ್ನಣೆಯನ್ನು ಅವರ ನುಡಿಗೆ ಕೊಟ್ಟಾಗಲೇ ನಮ್ಮ ಕೇಳಿಕೆಗೆ ಬಲ ಬರುವುದು.