ಟೈಪ್ ತಿಳಿಯದ ಅರೇಗಳ ನಕಲು: ಜಾವಾದಲ್ಲಿ ರಿಫ್ಲೆಕ್ಷನ್ ಬೇಕಾಗುವುದೆಲ್ಲಿ?

ಜಾವಾದ ಅರೇ ತುಂಬಿತೆಂದರೆ ಹಿಗ್ಗುವುದಿಲ್ಲ. ಉದ್ದನೆಯ ಹೊಸದೊಂದನ್ನು ಮಾಡಿ ಹಳೆಯ ಅಂಶಗಳನ್ನು ಅದಕ್ಕೆ ಸಾಗಿಸಬೇಕು. ಯಾವ ಟೈಪಿನ ಅರೇ ಬಂದೀತೆಂದು ಮೊದಲೇ ತಿಳಿಯದ ಮೆಥಡ್ ಬರೆಯಹೊರಟಾಗ ಈ ಸಣ್ಣ ಕೆಲಸ ತೊಡಕಾಗುತ್ತದೆ. ತೊಡಕಿರುವುದು ಸಾಗಿಸುವುದರಲ್ಲಲ್ಲ, ಹೊಸ ಅರೇ ಹುಟ್ಟಿಸುವುದರಲ್ಲಿ ಎಂಬುದು ಇಲ್ಲಿನ ವಾದ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಆಬ್ಜೆಕ್ಟ್‌ಗಳ ಅರೇಯೊಂದನ್ನು ಮಾಡಿ ತುಂಬುವುದು. ಕಂಪೈಲರ್ ತಕರಾರು ಮಾಡುವುದಿಲ್ಲ. ಕರೆದವರು ಅದನ್ನು ಸ್ಟ್ರಿಂಗ್ ಅರೇಗೆ ಕಾಸ್ಟ್ ಮಾಡಿದೊಡನೆ ಮಾತ್ರ ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್ ಬೀಳುತ್ತದೆ. ಒಳಗಿರುವುದೆಲ್ಲ ಸ್ಟ್ರಿಂಗೇ ಆದರೂ ಲೆಕ್ಕಕ್ಕಿಲ್ಲ, ಅರೇಯ ಟೈಪ್ ಹುಟ್ಟುವಾಗಲೇ ನಿಗದಿಯಾಗಿರುತ್ತದೆ. ಇಂಟ್ ಅರೇಯನ್ನಂತೂ ಆಬ್ಜೆಕ್ಟ್ ಅರೇ ಕೇಳುವ ಇಂಥ ಮೆಥಡ್‌ಗೆ ಕೊಡಲೂ ಬಾರದು. 2004ರಲ್ಲಿ ಜಾವಾ 5ರೊಂದಿಗೆ ಬಂದ ಜೆನೆರಿಕ್ಸ್ ಕೂಡ ಇದನ್ನು ಬಿಡಿಸಲಿಲ್ಲ: ರನ್‌ಟೈಮಿಗೆ ಬರುವಷ್ಟರಲ್ಲಿ ಟೈಪ್ ಪ್ಯಾರಾಮೀಟರ್ ಅಳಿಸಿಹೋಗಿರುವುದರಿಂದ, ಅದರ ಅರೇ ಮಾಡಲು ಕಂಪೈಲರೇ ಒಪ್ಪುವುದಿಲ್ಲ.

ಹಾಗಾಗಿ ಟೈಪೇನೆಂದು ಓಡುತ್ತಿರುವಾಗ ಅರೇಯನ್ನೇ ಕೇಳಬೇಕು; ಹೀಗೆ ಕೇಳುವುದೇ ರಿಫ್ಲೆಕ್ಷನ್. ಗೆಟ್‌ಕ್ಲಾಸ್, ಗೆಟ್‌ಕಾಂಪೊನೆಂಟ್‌ಟೈಪ್ ಮೂಲಕ ಅಂಶದ ಟೈಪ್ (ಘಟಕ ಟೈಪ್) ಪಡೆದು ರಿಫ್ಲೆಕ್ಷನ್ನಿನ ಅರೇ ಕ್ಲಾಸಿನ ನ್ಯೂಇನ್‌ಸ್ಟನ್ಸ್‌ಗೆ ಕೊಟ್ಟರೆ ಅದೇ ಟೈಪಿನ ಹೊಸ ಅರೇ ಸಿಗುತ್ತದೆ. ರಿಫ್ಲೆಕ್ಷನ್ನಿನ ಕೆಲಸ ಅಲ್ಲಿಗೆ ಮುಗಿಯಿತು. ಲೂಪ್ ಹಾಕಿ ಒಂದೊಂದು ಅಂಶವನ್ನೂ ರಿಫ್ಲೆಕ್ಷನ್ನಿನಿಂದಲೇ ತೆಗೆದು ಇಡುವ ಕೋಡ್ ಕಾಣಸಿಗುತ್ತದೆ. ಇಂಟ್‌ಗಳಾದರೆ ಪ್ರತಿಯೊಂದನ್ನೂ ಇಂಟಿಜರ್ ಆಬ್ಜೆಕ್ಟಿನಲ್ಲಿ ಸುತ್ತಿ ಮತ್ತೆ ಬಿಚ್ಚುವ ದಂಡ ಅದಕ್ಕಿದೆ. ಸಿಸ್ಟಮ್ ಕ್ಲಾಸಿನ ಅರೇಕಾಪಿ ಯಾವ ಟೈಪಿನ ಅರೇಯನ್ನಾದರೂ ಒಟ್ಟಿಗೇ ಸಾಗಿಸುತ್ತದೆ.

ಜಾವಾ 6ರಲ್ಲಿ ಬಂದ, ಅರೇಸ್ ಕ್ಲಾಸಿನ ಕಾಪಿಆಫ್ ಒಳಗೆ ಮಾಡುವುದೂ ಇದನ್ನೇ. ಆದರೆ ಪ್ರಿಮಿಟಿವ್ ಟೈಪ್‌ಗಳಿಗೆ ಅದರಲ್ಲಿ ಬೇರೆ ಬೇರೆ ಓವರ್‌ಲೋಡ್‌ಗಳಿವೆ. ಬರೀ ಆಬ್ಜೆಕ್ಟ್ ಎಂದು ಕೈಗೆ ಬಂದ ಅರೇಯನ್ನು ಅದಕ್ಕೆ ನೇರವಾಗಿ ಕೊಡಲಾಗದು. ಮೇಲಿನ ದಾರಿ ಇಂದಿಗೂ ಉಳಿದಿರುವುದು ಈ ಕಾರಣಕ್ಕೆ.

ಟೈಪಿಗೆ ಇಷ್ಟು ನಿಷ್ಠೆ ಎಲ್ಲ ಕಡೆಯೂ ಒಳ್ಳೆಯದೆನ್ನಲಾಗದು. ಆಬ್ಜೆಕ್ಟ್ ಅರೇ ಎಂದು ಘೋಷಿಸಿದ ವೇರಿಯಬಲ್‌ನೊಳಗೆ ಸ್ಟ್ರಿಂಗ್ ಅರೇ ಕುಳಿತಿದ್ದರೆ ನಕಲೂ ಸ್ಟ್ರಿಂಗ್ ಅರೇಯೇ. ಅದಕ್ಕೆ ಇಂಟಿಜರ್ ಹಾಕಿದರೆ ಅರೇಸ್ಟೋರ್ ಎಕ್ಸೆಪ್ಷನ್. ಅರೇಸ್ ಕ್ಲಾಸಿನ ಆಸ್‌ಲಿಸ್ಟ್ ಸ್ಟ್ರಿಂಗ್ ಅರೇಯಿಂದ ಮಾಡಿಕೊಡುವ ಪಟ್ಟಿಯ ಟುಅರೇ ಹೀಗೇ ಸ್ಟ್ರಿಂಗ್ ಅರೇ ಹಿಂತಿರುಗಿಸುತ್ತಿತ್ತು. ಜೆಡಿಕೆ 9ರಲ್ಲಿ ಅದನ್ನು ತಿದ್ದಿದರು.

ಎರಡು ಆಯಾಮದ ಅರೇಯಲ್ಲಿ ಈ ವಿಧಾನ ಹೊರಗಿನ ಸಾಲನ್ನಷ್ಟೇ ನಕಲಿಸುತ್ತದೆ, ಒಳಸಾಲುಗಳು ಎರಡಕ್ಕೂ ಸೇರಿದವೇ. ಒಳಗಿಳಿಯಬೇಕೋ ಬೇಡವೋ ಎಂಬುದನ್ನು ಹೊರಗಿನ ಅರೇಯ ಘಟಕ ಟೈಪನ್ನೇ ಒಂದೊಂದು ಆಯಾಮ ಕಳಚುತ್ತಾ ನಿರ್ಧರಿಸಿದರೆ ರಿಕರ್ಷನ್ ಖಂಡಿತ ನಿಲ್ಲುತ್ತದೆ, ಆಯಾಮಗಳ ಮಿತಿ 255. ಅಂಶಗಳನ್ನೇ ನೋಡಿ ನಿರ್ಧರಿಸಿದರೆ ಆ ಭರವಸೆಯಿಲ್ಲ: ಆಬ್ಜೆಕ್ಟ್ ಅರೇ ತನ್ನನ್ನೇ ತನ್ನ ಅಂಶವಾಗಿ ಇಟ್ಟುಕೊಳ್ಳಬಹುದು.